ಡಾಂಬರು ಮುಟ್ಟದ ಗಾಡಿ

ಕುರುಗೋಡಿನ ಗುಡ್ಡಗಳ ಹಿಂದೆ, ನಾವು ಭಾನುವಾರ ಬೆಳಿಗ್ಗೆ ಕಲ್ಲು ಮಣ್ಣಿನಲ್ಲಿ ಮೋಟಾರ್ ಸೈಕಲ್ ಓಡಿಸುವುದನ್ನು ಕಲಿಯುವ ಜಾಗದಲ್ಲಿ, ಕಾಲುದಾರಿಗೆ ಅಡ್ಡಲಾಗಿ ಒಂದು ಡಾಂಬರು ರಸ್ತೆ ಬರುತ್ತದೆ. ಅಗಲ ಇಪ್ಪತ್ತು ಅಡಿ ಇದ್ದೀತು. ಉಳಿದವರೆಲ್ಲ ಎಡಬಲ ನೋಡಿ ದಾಟಿಬಿಡುತ್ತಾರೆ. ಯರ್ರಿಸ್ವಾಮಿ ಮಾತ್ರ ರಸ್ತೆಯ ಅಂಚಿಗೆ ಬಂದು ಇಂಜಿನ್ ಆರಿಸಿ ಇಳಿಯುತ್ತಾನೆ. ಎಮ್ಮೆ ಹೊಡೆದುಕೊಂಡು ಹೋಗುವವನ ಹಾಗೆ ಗಾಡಿಯನ್ನು ತಳ್ಳಿಕೊಂಡು ದಾಟಿ, ಆಚೆ ಮಣ್ಣು ಸಿಕ್ಕ ಮೇಲೆ ಮತ್ತೆ ಹತ್ತುತ್ತಾನೆ. ನಮ್ಮ ಗುಂಪಿನಲ್ಲಿ ಅವನಷ್ಟು ಚೆನ್ನಾಗಿ ಓಡಿಸುವವರು ಇನ್ನೊಬ್ಬರಿಲ್ಲ.

ಮೊದಲ ಸಲ ನೋಡಿದಾಗ ಪೆಟ್ರೋಲ್ ಮುಗಿದಿರಬೇಕು ಅಂದುಕೊಂಡೆ. ಮರುವಾರವೂ ಹಾಗೇ ಮಾಡಿದಾಗ ತಡೆಯಲಾರದೆ ಕೇಳಿದೆ.

"ನಮ್ಮವ್ವನ ಆಣಿ ಐತಿ ಸಾರ್," ಅಂದ. "ಗಾಡಿ ತಗಂಡು ರೋಡಿಗೆ ಇಳಿಯಂಗಿಲ್ಲ ಅಂತ."

"ಮತ್ತೆ ಇಲ್ಲಿ ಓಡಿಸ್ತೀಯಲ್ಲಪ್ಪ?"

"ಇದು ರೋಡ್ ಅಲ್ಲಲ್ರಿ."

ನಾನು ಅನಂತ. ಕಂಟೋನ್ಮೆಂಟ್‌ನಲ್ಲಿ ಮನೆ, ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು, ವಯಸ್ಸು ಐವತ್ತೊಂದು. ಈ ವಯಸ್ಸಿನಲ್ಲಿ ಗುಡ್ಡದ ಮೇಲೆ ಗಾಡಿ ಬಿಡುವ ಹುಚ್ಚು ಯಾಕೆ ಹತ್ತಿತು ಎಂದು ನನ್ನ ಹೆಂಡತಿ ನೆಂಟರಿಗೆಲ್ಲ ಫೋನ್ ಮಾಡಿ ಕೇಳಿದ್ದಾಳೆ. ಮಡಿ, ಏಕಾದಶಿ, ರಾಹುಕಾಲ ಎಂದು ಹುಟ್ಟಿದಂದಿನಿಂದ ಕೇಳಿ ನನಗೆ ಕಿವಿ ತೂತು ಬಿದ್ದಿದೆ. ಆಣೆ, ಹರಕೆ ಅಂದರೆ ಮೈ ಉರಿಯುತ್ತದೆ. ಆದ್ದರಿಂದ ಯರ್ರಿಸ್ವಾಮಿಯ ಉತ್ತರ ಕೇಳಿ ಮೊದಲು ಹೊಟ್ಟೆ ತುಂಬ ನಕ್ಕೆ. ಆ ನಗು ಈಗ ನೆನಪಾದರೆ ನನಗೇ ನಾಚಿಕೆಯಾಗುತ್ತದೆ.

ಅವನು ಸಿರುಗುಪ್ಪದ ಕಡೆಯ ಹಳ್ಳಿಯವನು. ಅಪ್ಪನ ಮುಖ ನೆನಪಿಲ್ಲ. ತಾಯಿ ಪಕ್ಕೀರಮ್ಮ ಕಂಡವರ ಗದ್ದೆಯಲ್ಲಿ ಭತ್ತದ ನಾಟಿ ಮಾಡಿ ಇಬ್ಬರು ಮಕ್ಕಳನ್ನು ಸಾಕಿದಳು. ಚಿಕ್ಕವನಾದ ಇವನು ಮನೆಯವರಿಗೆ ಸ್ವಾಮಿ. ದೊಡ್ಡವನು ಅಂಜಿನೇಯ, ಮನೆಯಲ್ಲಿ ಅಂಜಿನಿ. ರೈಸ್ ಮಿಲ್ಲಿನಲ್ಲಿ ದುಡಿದು ಒಂದು ಮೋಟಾರ್ ಸೈಕಲ್ ಕೊಂಡಿದ್ದ. ಹದಿನಾಲ್ಕು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಸಿರುಗುಪ್ಪದಿಂದ ಬಳ್ಳಾರಿಗೆ ಬರುವ ರಸ್ತೆಯಲ್ಲಿ ಆ ಗಾಡಿ ಲಾರಿಯೊಂದಕ್ಕೆ ಗುದ್ದಿತು. ಅಂಜಿನಿ ಅಲ್ಲೇ ಹೋದ. ಗಾಡಿಯನ್ನು ಪೊಲೀಸ್ ಠಾಣೆಯಿಂದ ಬಿಡಿಸಿ ತರಲು ಪಕ್ಕೀರಮ್ಮ ಒಪ್ಪಲಿಲ್ಲ. ಅದು ಅಲ್ಲೇ ತುಕ್ಕು ಹಿಡಿಯಿತು. ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಅವಳು ಇಪ್ಪತ್ತೆರಡು ವರ್ಷದ ಯರ್ರಿಸ್ವಾಮಿಯನ್ನು ಕರೆದು, ತನ್ನ ತಲೆಯ ಮೇಲೆ ಅವನ ಕೈ ಇಡಿಸಿ ಆ ಮಾತು ಹೇಳಿಸಿದಳು. ಮಾತು ತಪ್ಪಿದರೆ ತಾಯಿಯ ಜೀವಕ್ಕೆ ಎರವು, ಅದು ಆಣೆಯ ಅರ್ಥ.

ಅಂದಿನಿಂದ ಅವನು ಬಸ್ಸು, ಆಟೋ, ಇಲ್ಲವೇ ಕಾಲ್ನಡಿಗೆ. ತಾಯಿಯನ್ನು ಕರೆದುಕೊಂಡು ಬಳ್ಳಾರಿಗೆ ಬಂದು ಕೌಲ್ ಬಜಾರಿನಲ್ಲಿ ಬಾಡಿಗೆ ಮನೆ ಹಿಡಿದ. ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಸೇರಿ ಕಟಿಂಗ್ ಮಾಸ್ಟರ್ ಆದ. ನೂರು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಸುಣ್ಣದ ಗೆರೆ ಹಿಡಿದು ಮಿಷನ್ನಿನಲ್ಲಿ ಒಂದೇ ಸಲಕ್ಕೆ ಕತ್ತರಿಸುವ ಕೆಲಸ. ದಿನಕ್ಕೆ ಹತ್ತು ತಾಸು ನಿಂತೇ ಇರಬೇಕು. ಆ ಕೋಣೆಗೆ ಕಿಟಕಿ ಇಲ್ಲ. ಸೀನಿದರೆ ಮೂಗಿನಿಂದ ನೀಲಿ ಧೂಳು ಬರುತ್ತದೆ. "ಸಂಜೀಕ ಹೊರಗ ಬಂದ್ರ ಆಕಾಶನೂ ಅದೇ ಬಣ್ಣ ಕಾಣ್ತತಿ ಸಾರ್, ನೋಡಾಕ ಮನಸಾಗಂಗಿಲ್ಲ," ಎಂದು ಒಮ್ಮೆ ಹೇಳಿದ.

ಗುಡ್ಡಕ್ಕೆ ಅವನು ಬಂದದ್ದು ಎರಡು ವರ್ಷದ ಹಿಂದೆ, ಮೊಣಕಾಲಿನ ಪಟ್ಟಿ ತಲುಪಿಸಲು. ನಮಗೆ ಕಲಿಸುವವನು ವಿರೂಪಾಕ್ಷಿ. ಅವನಿಗೆ ಕುರುಗೋಡಿನಲ್ಲಿ ಗ್ಯಾರೇಜೂ ಗುಡ್ಡದ ಬುಡದಲ್ಲಿ ಏನೂ ಬೆಳೆಯದ ಒಂದಿಷ್ಟು ಕಲ್ಲು ಭೂಮಿಯೂ ಇವೆ. ಬಿದ್ದಾಗ ಮೊಣಕಾಲು ಕಿತ್ತುಹೋಗದಂತೆ ದಪ್ಪ ಜೀನ್ಸ್ ಬಟ್ಟೆಯಲ್ಲಿ ಸ್ಪಂಜು ತುಂಬಿ ಪಟ್ಟಿ ಹೊಲಿದುಕೊಡಿ ಎಂದು ಘಟಕಕ್ಕೆ ಹೇಳಿದ್ದ. ಯರ್ರಿಸ್ವಾಮಿ ಬಸ್ಸಿನಲ್ಲಿ ತಂದುಕೊಟ್ಟು, ಹೋಗದೆ ಒಂದು ತಾಸು ನೋಡುತ್ತ ನಿಂತ. ವಿರೂಪಾಕ್ಷಿ ಗಾಡಿ ಮುಂದೆ ತಂದು, "ಒಂದ್ ರೌಂಡ್ ಹೊಡಿಯಲೇ," ಅಂದ.

"ಇದು ರೋಡೇನಣ್ಣ?"

"ರೋಡ್ ಎಲ್ಲಿ ಐತಲೇ ಇಲ್ಲಿ? ಬರೇ ಕಲ್ಲು, ಜಾಲಿ ಮುಳ್ಳು."

"ಸರ್ಕಾರದ ನಕಾಶಿನ್ಯಾಗೂ ರೋಡಲ್ಲ?"

ವಿರೂಪಾಕ್ಷಿ ಇವನಿಗೇನೋ ಆಗಿದೆ ಎಂದುಕೊಂಡು ದೇವರಾಣೆಗೂ ಅಲ್ಲ ಎಂದ. ಯರ್ರಿಸ್ವಾಮಿ ಹತ್ತಿದ. ಆ ದಿನ ಹನ್ನೊಂದು ಸಲ ಬಿದ್ದ. ಸಡಿಲ ಗರಸುಕಲ್ಲಿನ ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಸೈಲೆನ್ಸರ್ ತಗಲಿ ಮೀನಖಂಡ ಸುಟ್ಟಿತು. ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಮತ್ತೆ ಬಸ್ಸಿಳಿದ. ಮನೆಯಲ್ಲಿ ತಾಯಿಗೆ ಓವರ್‌ಟೈಮ್ ಎಂದು ಹೇಳಿದ್ದ. ವಿರೂಪಾಕ್ಷಿ ಗುಜರಿಗೆ ಹಾಕಬೇಕೆಂದಿದ್ದ ಒಂದು ಗಾಡಿಯನ್ನು ಅವನಿಗೆ ಬಿಟ್ಟುಕೊಟ್ಟ. ಅದು ಶೆಡ್ಡಿನಲ್ಲೇ ಇರುತ್ತದೆ, ಹೆಲ್ಮೆಟ್ಟೂ ಅಲ್ಲೇ.

ನಾನು ಸೇರಿದ್ದೂ ಆ ತಿಂಗಳೇ. ಮೊದಲ ಪಾಠ, ಕೂತು ಓಡಿಸಬಾರದು, ಕಾಲಿಡುವ ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲಬೇಕು, ಮೊಣಕಾಲಿನಿಂದ ಟ್ಯಾಂಕ್ ಹಿಡಿಯಬೇಕು. ಅದು ಹೇಗೋ ಬಂತು. ಎರಡನೆಯದು ನನಗೆ ಇವತ್ತಿಗೂ ಬಂದಿಲ್ಲ. ಚಕ್ರದ ಮುಂದಿನ ಕಲ್ಲು ನೋಡಬಾರದು, ಹೋಗಬೇಕಾದ ಕಡೆ ನೋಡಬೇಕು. ನಾನು ಕಲ್ಲನ್ನೇ ನೋಡುತ್ತೇನೆ, ಗಾಡಿ ನೆಟ್ಟಗೆ ಅದೇ ಕಲ್ಲಿಗೆ ಹೋಗುತ್ತದೆ. "ಮೇಷ್ಟ್ರೇ, ಆ ಕಲ್ಲಿಗೂ ನಿಮಗೂ ಏನ್ ಬೀಗತನ?" ಎಂದು ವಿರೂಪಾಕ್ಷಿ ಬೈಯುತ್ತಾನೆ. ಯರ್ರಿಸ್ವಾಮಿಗೆ ಅದು ಒಂದೇ ದಿನಕ್ಕೆ ಬಂತು. ಹೇಗೆ ಎಂದು ಕೇಳಿದರೆ, "ಕಟಿಂಗ್‌ನ್ಯಾಗೂ ಹಂಗ ಸಾರ್, ಬ್ಲೇಡ್ ನೋಡಿದ್ರ ಬೆರಳು ಹೋಕ್ಕತಿ, ಗೆರಿ ನೋಡಬೇಕು," ಅಂದ. ಮಳೆಯಾದ ಮೇಲೆ ಎರೆ ಹೊಲದ ಮಣ್ಣು ಮಡ್‌ಗಾರ್ಡಿಗೆ ಮೆತ್ತಿ ನಮ್ಮ ಚಕ್ರಗಳು ನಿಂತೇ ಹೋದರೆ, ಅವನು ಬದುವಿನ ಹುಲ್ಲು ಹುಡುಕಿಕೊಂಡು ಆಚೆ ದಡದಲ್ಲಿರುತ್ತಿದ್ದ. ಬಂಡೆಯ ಮೇಲೆ ನಿಂತಾಗ ಅವನ ಮುಖದಲ್ಲಿ ಒಂದು ನಗು ಬರುತ್ತಿತ್ತು. ಅದನ್ನು ಕೌಲ್ ಬಜಾರಿನಲ್ಲಿ ಯಾರೂ ನೋಡಿರಲಿಕ್ಕಿಲ್ಲ. ಅವನ ಹೆಂಡತಿ ಭಾಗ್ಯ ಒಮ್ಮೆ ನನ್ನ ಮುಂದೆಯೇ ಆಡಿಕೊಂಡಳು: "ಗುಡ್ಡದ ಮ್ಯಾಲ ಹಾರಾಡ್ತಾರಂತ ಸಾರ್, ನನಗ ಸಂತಿಗೆ ಹೋಗಾಕ ಆಟೋ."

ಈ ವರ್ಷ ಯುಗಾದಿ ಕಳೆದ ಮೇಲೆ ವಿರೂಪಾಕ್ಷಿ ಅವನನ್ನು ಪಕ್ಕಕ್ಕೆ ಕರೆದ. ಕಲಿಯುವವರು ಹೆಚ್ಚಾಗಿದ್ದರು, ಒಬ್ಬನ ಕೈಲಿ ಆಗುತ್ತಿರಲಿಲ್ಲ. ಯರ್ರಿಸ್ವಾಮಿ ಪೂರ್ತಿ ಕೆಲಸಕ್ಕೆ ಬಂದುಬಿಡಬೇಕು. ಹೊಸಬರನ್ನು ಅವರವರ ಗಾಡಿಯಲ್ಲಿ ಬಳ್ಳಾರಿಯಿಂದ ತಾನು ಮುಂದೆ ಗಾಡಿ ಓಡಿಸಿಕೊಂಡು ಕರೆತರಬೇಕು, ಕಲಿಸಬೇಕು, ಮತ್ತೆ ಬಿಟ್ಟುಬರಬೇಕು. ಸಂಬಳ ಘಟಕದಷ್ಟೇ. ಲೈಸೆನ್ಸ್ ಮಾಡಿಸಿಕೋ ಅಂದ.

ಕಿಟಕಿಯಿಲ್ಲದ ಆ ಕೋಣೆಯಿಂದ ಹೊರಬರಲು ಅವನಿಗೆ ಸಿಕ್ಕ ಬಾಗಿಲು ಅದೊಂದೇ. ಅದು ತೆರೆಯುತ್ತಿದ್ದದ್ದು ರಸ್ತೆಗೆ. ಒಂದು ತಿಂಗಳ ವಾಯಿದೆ ಕೇಳಿಕೊಂಡ.

ನಾನು ಬಿಡುತ್ತೇನೆಯೇ? ಆ ದಿನ ಒಗ್ಗರಣೆ ಮಂಡಕ್ಕಿ ತಿನ್ನುತ್ತ ಅವನ ಮೇಲೆ ಹರಿಹಾಯ್ದೆ. ಇದೆಲ್ಲ ಮೂಢನಂಬಿಕೆ, ನೀನು ರಸ್ತೆಗಿಳಿದರೆ ಮನೆಯಲ್ಲಿ ಕೂತವರ ಪ್ರಾಣ ಹೇಗೆ ಹೋಗುತ್ತದೆ, ಲೆಕ್ಕ ತೋರಿಸು ಅಂದೆ.

ಅವನು ಸಿಟ್ಟಾಗಲಿಲ್ಲ. "ಹೋಗಂಗಿಲ್ಲ ಅಂತ ನನಗೂ ಗೊತ್ತೈತಿ ಸಾರ್. ಆಕಿಗೆ ಎಪ್ಪತ್ತಾತು. ನಾ ಇವತ್ತು ರೋಡಿಗೆ ಇಳಿದೆ ಅನ್ರಿ, ಆಕಿ ಮುಂದಿನ ವಾರ ಜ್ವರ ಬಂದು ಹೋದಳು ಅನ್ರಿ. ಜ್ವರ ಬಂದು ಹೋದಳು ಅಂತ ನೀವು ಅಂತೀರಿ. ನಾ ಏನಂತ ಅಂದುಕಳ್ಳಲಿ?"

ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. "ಹಾಗಾದರೆ ಅವರು ಇರೋವರೆಗೂ ಕಾಯಬೇಕಷ್ಟೆ."

ಅವನು ತಟ್ಟೆ ಕೆಳಗಿಟ್ಟ. "ಹಂಗ ಕಾಯಾಕ ಬರಂಗಿಲ್ಲ ಸಾರ್. ಯಾವುದಕ್ಕ ಕಾಯಾಕತ್ತೀನಿ ಅಂತ ದಿನಾ ಗೊತ್ತಾಗ್ತತಲ್ಲ."

ನನ್ನ ತಪ್ಪನ್ನು ಮುಚ್ಚಲು ಇನ್ನೊಂದು ದಾರಿ ಹೇಳಿದೆ. ಆಣೆ ಹಾಕಿದವರೇ ಬಿಡಿಸಬಹುದಲ್ಲ? ಹೋಗಿ ಕೇಳು, ಬಿಟ್ಟೆ ಎಂದು ತಾಯಿಯ ಬಾಯಿಂದ ಒಂದು ಮಾತು ಬಂದರೆ ಸಾಕು. ಅವನು ತಲೆಯಾಡಿಸಿದ. ಅದನ್ನು ಅವನು ಆಗಲೇ ಯೋಚಿಸಿದ್ದ. ಕಷ್ಟವೇನೆಂದರೆ, ಪಕ್ಕೀರಮ್ಮನ ನೆನಪು ಹೋದ ವರ್ಷದಿಂದ ಅಳಿಸತೊಡಗಿತ್ತು. ಮೊದಲು ಸಾರಿಗೆ ಎರಡು ಸಲ ಉಪ್ಪು, ಆಮೇಲೆ ಪಕ್ಕದ ಮನೆಯವರ ಹೆಸರು, ಈಗೀಗ ಕೆಲವು ದಿನ ಮಗನನ್ನೇ ಅಂಜಿನಿ ಎಂದು ಕರೆಯುತ್ತಿದ್ದಳು.

ಆದರೂ ಕೇಳಿದ. ಮೂರು ಬೇರೆ ಬೇರೆ ದಿನ ಕೇಳಿದ. ಮೂರು ಸಲವೂ ಅವಳು, "ಯಾವ ಆಣಿ? ಯಾರಿಗೆ ಹಾಕೀನಿ?" ಅಂದಳಂತೆ.

"ಮತ್ತಿನ್ನೇನು, ಹಾಕಿದವರೇ ಮರೆತರು, ಮುಗೀತು!" ಎಂದು ನಾನು ಫೋನಿನಲ್ಲೇ ಕೂಗಿದೆ.

"ಮರೆತ್ರ ಬಿಟ್ಟಂಗಾಕ್ಕತೇನು ಸಾರ್?" ಅಂದ.

ವಿರೂಪಾಕ್ಷಿ ಕೊಟ್ಟ ತಿಂಗಳಲ್ಲಿ ಒಂದೇ ಭಾನುವಾರ ಉಳಿದಿತ್ತು. ಅವತ್ತು ಗುಡ್ಡದಿಂದ ಇಳಿದವನನ್ನು ನಾನೇ ಅವಸರಪಡಿಸಿದೆ. ನಡಿ, ನಿಮ್ಮನೆಗೆ ನಾನೂ ಬರುತ್ತೇನೆ, ಅವರಿಗೆ ನೆನಪು ಸರಿಯಾಗಿರುವ ಹೊತ್ತು ನೋಡಿ ಕೇಳೋಣ, ಸಾಕ್ಷಿಗೆ ನಾನಿರುತ್ತೇನೆ ಅಂದೆ. ಬಸ್ಸು ಹೊರಡುವುದರಲ್ಲಿತ್ತು. ಆ ಗಡಿಬಿಡಿಯಲ್ಲಿ ಅವನು ಹೆಲ್ಮೆಟ್ ಶೆಡ್ಡಿನಲ್ಲಿಡಲು ಮರೆತ. ಬಳ್ಳಾರಿಯಲ್ಲಿ ಇಳಿದಾಗಲೇ ಅದು ಕೈಯಲ್ಲಿರುವುದು ಗೊತ್ತಾದದ್ದು. ಚೀಲವೂ ಇರಲಿಲ್ಲ. ಮೈತುಂಬ ಕೆಂಧೂಳು, ಕೈಯಲ್ಲಿ ಹೆಲ್ಮೆಟ್, ಹಾಗೇ ಮನೆಯೊಳಗೆ ಹೋದೆವು.

ಪಕ್ಕೀರಮ್ಮ ಗೋಡೆಗೊರಗಿ ಕೂತಿದ್ದಳು. ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮುಖ ಅರಳಿಸಿದಳು.

"ಬಂದೇನಪಾ ಅಂಜಿನಿ? ಎಷ್ಟೊತ್ತು ಮಾಡಿದಿ. ಉಂಡಿಯೇನು?"

ಯರ್ರಿಸ್ವಾಮಿ ಬಾಗಿಲಲ್ಲೇ ನಿಂತ. ಒಳಗಿನಿಂದ ಬಂದ ಭಾಗ್ಯ ಮೆಲ್ಲಗೆ, "ಹ್ಞೂಂ ಅನ್ರಿ. ಇಲ್ಲಾಂದ್ರ ಅಳಾಕ ಕುಂದರ್ತಾಳ," ಅಂದಳು.

"ಹ್ಞೂಂ ಯವ್ವಾ, ಬಂದೆ," ಅಂದ.

ಅವಳು ಕೈಸನ್ನೆ ಮಾಡಿ ಹತ್ತಿರ ಕರೆದು ದನಿ ತಗ್ಗಿಸಿದಳು. "ಗಾಡಿ ಕೀಲಿ ಹುಷಾರು. ಸ್ವಾಮಿ ಕೈಗೆ ಕೊಡಬ್ಯಾಡ. ಅವಗ ಆಣಿ ಹಾಕೀನಿ."

ಆಣೆ ಅವಳೊಳಗೆ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಕೇಳು, ಈಗಲೇ ಕೇಳು ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಸತ್ತವನ ಹೆಸರಿನಲ್ಲಿ ಕೇಳಿದರೇನು, ಮಾತು ಬಂದರೆ ಆಯಿತಲ್ಲ ಎಂದು ಆ ಹೊತ್ತಿಗೆ ಅನಿಸಿತ್ತು.

ಅವನು ನೆಲದ ಮೇಲೆ ಅವಳ ಮುಂದೆ ಕೂತ. "ಯವ್ವಾ, ಸ್ವಾಮಿ ಆಣಿ ಬಿಟ್ಟುಬಿಡು. ಹದಿನಾಕು ವರ್ಷ ಆತು. ಮೆಲ್ಲಕ ಓಡಿಸ್ತಾನ ಅವ. ನಾ ಹೇಳಾಕತ್ತೀನಲ್ಲ."

ಪಕ್ಕೀರಮ್ಮ ಮುಂದೆ ಬಾಗಿದಳು. ಸೆರಗಿನಿಂದ ಅವನ ಕೆನ್ನೆಯ ಧೂಳು ಒರೆಸಿದಳು.

"ನಿನಗೂ ಒಂದು ಆಣಿ ಹಾಕಿದ್ರ ನೀ ಇರ್ತಿದ್ದಿ," ಅಂದಳು. "ದೊಡ್ಡಾವ, ನನ್ನ ಮಾತು ಎಲ್ಲಿ ಕೇಳ್ತಾನ ಅಂತ ಸುಮ್ಮನಾದೆ. ಸ್ವಾಮಿನ್ನ ಬಿಡಂಗಿಲ್ಲ. ಅವನೊಬ್ಬನ ಉಳಿದಾನ."

ಭಾಗ್ಯ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಹೊರಗೆ ಹೋಗಬೇಕಿತ್ತು, ಹೋಗಲಿಲ್ಲ.

"ಆದ್ರ ಆ ಆಣಿ ನನ್ನ ತಲಿ ಮ್ಯಾಲ ಐತಲ್ಲ," ಎಂದು ಅವಳು ಮುಂದುವರಿಸಿದಳು. ಅಷ್ಟು ಸ್ಪಷ್ಟವಾಗಿ ಅವಳು ಮಾತಾಡಿ ತಿಂಗಳುಗಳಾಗಿದ್ದವಂತೆ. "ನಾ ಹೋದ ಮ್ಯಾಲ ಯಾರ ಹೆದರಿಕಿ ಅವಗ? ನೀನೂ ಒಂದು ಹಾಕು. ಅಣ್ಣನ ಮಾತು ಮೀರಂಗಿಲ್ಲ. ಹಾಕು, ನನ್ನ ಮುಂದ ಹಾಕು."

ಅವನ ಕೈ ಹಿಡಿದು ತಾನೇ ಅವನ ತಲೆಯ ಮೇಲೇ ಇಟ್ಟಳು. ಅವನು ನನ್ನ ಕಡೆ ನೋಡಿದ. ನಾನು ಮುಖ ತಿರುಗಿಸಿದೆ. ಅವಳ ತುಟಿ ಅಳುವುದಕ್ಕೆ ಅದುರತೊಡಗಿತ್ತು.

"ಸ್ವಾಮಿ ಗಾಡಿ ತಗಂಡು ರೋಡಿಗೆ ಇಳಿಯಂಗಿಲ್ಲ," ಎಂದು ಅವನು ಅಣ್ಣನಾಗಿ ಹೇಳಿದ. "ನನ್ನ ಆಣಿ ಐತಿ."

"ಹಾಂ," ಅಂದಳು ಪಕ್ಕೀರಮ್ಮ. ಸಮಾಧಾನವಾಗಿ ಕಾಲು ಚಾಚಿ ಅನ್ನ ಕೇಳಿದಳು. ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲವಂತೆ. ಭಾಗ್ಯ ಕಲಸಿಕೊಟ್ಟ ತುತ್ತುಗಳನ್ನೆಲ್ಲ ಉಂಡು ಅಲ್ಲೇ ಮಲಗಿದಳು.

ನಾವಿಬ್ಬರೂ ಹೊರಗೆ ಬಂದು ಓಣಿಯ ಕಟ್ಟೆಯ ಮೇಲೆ ಕೂತೆವು. ಯರ್ರಿಸ್ವಾಮಿ ವಿರೂಪಾಕ್ಷಿಗೆ ಫೋನ್ ಮಾಡಿ, ಬೇರೆಯವರನ್ನು ನೋಡಿಕೊಳ್ಳಿ ಎಂದಷ್ಟೇ ಹೇಳಿ ಇಟ್ಟ. ನಾನು ಕ್ಷಮಿಸು ಅಂದೆ. ಇವೆಲ್ಲ ಬರೀ ಮಾತು, ಇಂಥದ್ದಕ್ಕೆ ಕಟ್ಟುಬೀಳಬೇಕಾಗಿಲ್ಲ ಎಂದೂ ಅಂದೆ, ನನ್ನ ದನಿಯಲ್ಲಿ ನನಗೇ ನಂಬಿಕೆ ಇರಲಿಲ್ಲ.

"ಅವ್ವನ ಆಣಿ ಬಿಡಸಾಕ ಅವ್ವನಾದ್ರೂ ಇದ್ದಳು ಸಾರ್," ಅಂದ. "ಅಣ್ಣಂದು ಯಾರು ಬಿಡಸಬೇಕು?"