ಎಡಕ್ಕೆ ಎರಡು ಬೆರಳು

ನಾನು ಮಾಡಿದ ಲಾರಿಗಳಲ್ಲೆಲ್ಲ ಚೆನ್ನಾಗಿ ಬಂದಿರುವುದನ್ನು ಯಾರಿಗೂ ತೋರಿಸುವುದಿಲ್ಲ. ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಬೀರುವಿನ ಮೇಲೆ ಇಟ್ಟಿದ್ದೇನೆ. ನೆಲದ ಮೇಲಿಟ್ಟು ಮೆಲ್ಲಗೆ ತಳ್ಳಿದರೆ ಗೆರೆ ಎಳೆದ ಹಾಗೆ ನೇರ ಹೋಗುತ್ತದೆ. ಅದು ಹಾಗೆ ನೇರ ಹೋಗುವುದನ್ನು ನೋಡುವ ಶಕ್ತಿ ಈಗ ನನಗಿಲ್ಲ.

ಮಧುಗಿರಿಯ ಹೈಸ್ಕೂಲಿನಲ್ಲಿ ಚಿತ್ರಕಲೆ ಹೇಳಿಕೊಡುತ್ತಿದ್ದವನು ನಾನು. ಸಣ್ಣ ಲಾರಿ ಮಾಡುವ ಹುಚ್ಚು ಹಿಡಿದದ್ದು ಕೆಲಸದಲ್ಲಿದ್ದಾಗಲೇ. ನೋಡಿದವರು "ಮೊಮ್ಮಕ್ಕಳಿಗಾ ಸಾರ್?" ಎಂದು ಕೇಳಿದರೆ ನನಗೆ ಮೈ ಉರಿಯುತ್ತದೆ. ಅವು ಆಟದ ಸಾಮಾನಲ್ಲ. ರಸ್ತೆಯ ಮೇಲೆ ಓಡುವ ಇಂಥದ್ದೇ ಒಂದು ಲಾರಿ ಎಂದು ಗೊತ್ತುಮಾಡಿಕೊಂಡು, ಟೇಪು ಹಿಡಿದು ಅಳೆದು, ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಸುತ್ತೇನೆ. ಸನ್‌ಬೋರ್ಡಿನಲ್ಲಿ ಬಾಡಿ, ಸೈಕಲ್ ಕಡ್ಡಿಯಲ್ಲಿ ಆಕ್ಸಲ್, ಹವಾಯಿ ಚಪ್ಪಲಿಯ ಅಟ್ಟೆ ಕೊಯ್ದು ಟೈರು, ಮುಗಿದ ಪೆನ್ನಿನ ರೀಫಿಲ್ಲಿನಲ್ಲಿ ಸೈಲೆನ್ಸರು, ಎಕ್ಸ್‌ರೇ ಹಾಳೆ ತೊಳೆದು ಮುಂದಿನ ಗಾಜು. ಆ ಲಾರಿಯ ಹಿಂದೆ ಹಸು ಕರು ಬರೆದಿದ್ದರೆ ನನ್ನದರಲ್ಲೂ ಹಸು ಕರು ಇರಬೇಕು, ಆ ಕರುವಿನ ಕಿವಿಯ ಬಣ್ಣ ಎದ್ದುಹೋಗಿದ್ದರೆ ನನ್ನದರಲ್ಲೂ ಎದ್ದುಹೋಗಿರಬೇಕು. ಮುಂದಿನ ಬಂಪರಿನ ನಿಂಬೆಹಣ್ಣಿಗೆ ಹಳದಿ ಮೇಣದ ಒಂದು ಚುಕ್ಕೆ.

ಇಷ್ಟು ಕಟ್ಟುನಿಟ್ಟಿನವನಿಗೆ ಒಂದು ರೋಗವಿತ್ತು. ಎಡ ಬಲ ಒಂದೇ ಇರಬೇಕು. ಹಾಳೆ ಮಡಚಿ ಅರ್ಧ ಹೂದಾನಿ ಬರೆದು, ಉಜ್ಜಿ, ಇನ್ನರ್ಧ ಮೂಡಿಸುವುದನ್ನು ವರ್ಷಗಟ್ಟಲೆ ಕಲಿಸಿದವನು ನಾನು. ಎರಡು ಬದಿ ಹೊಂದದ ಹೂದಾನಿ ತಂದವರ ಗೆಣ್ಣಿಗೆ ಸ್ಕೇಲಿನಿಂದ ಕೊಟ್ಟದ್ದೂ ಉಂಟು. ಲಾರಿ ಅಳೆಯುವಾಗಲೂ ಅದೇ ಚಾಳಿ. ಎಡದ ಅಳತೆಗೂ ಬಲದ ಅಳತೆಗೂ ಒಂದಿಷ್ಟು ವ್ಯತ್ಯಾಸ ಬಂದರೆ ಎರಡನ್ನೂ ಕೂಡಿಸಿ ಅರ್ಧ ಮಾಡಿ ಬರೆದುಕೊಳ್ಳುತ್ತಿದ್ದೆ. ಟೇಪು ಜೋಲುತ್ತದೆ, ಹಿಡಿದವನ ಕೈ ಅಲುಗುತ್ತದೆ, ಲಾರಿ ಮಾತ್ರ ಸರಿಯಾಗಿಯೇ ಇರುತ್ತದೆ ಎಂಬುದು ನನ್ನ ನಂಬಿಕೆ.

ನನ್ನ ತಂಗಿಯನ್ನು ಬಡವನಹಳ್ಳಿಗೆ ಕೊಟ್ಟಿದ್ದೇವೆ. ಅವಳ ಗಂಡ ಲಾರಿ ಡ್ರೈವರು, ಶಿರಾದ ಒಬ್ಬ ಮಾಲೀಕನ ಆರು ಗಾಲಿ ಲಾರಿ ಓಡಿಸುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ರಸ್ತೆಗೆ ಅಡ್ಡ ಬಂದ ಒಂದು ಕೋಳಿಯನ್ನೂ ಹೊಡೆದವನಲ್ಲ. ನಮ್ಮ ನೆಂಟರಿಷ್ಟರಲ್ಲಿ ಅವನ ಹೆಸರು ನಡೆಯುತ್ತಿದ್ದದ್ದೇ ಅದರಿಂದ. ಕೊರಟಗೆರೆಯಲ್ಲಿ ಮದುವೆಯಿದ್ದರೂ ಪಾವಗಡದಲ್ಲಿ ತಿಥಿಯಿದ್ದರೂ ವ್ಯಾನು ಓಡಿಸಲು ಅವನನ್ನೇ ಕರೆಯುತ್ತಿದ್ದರು, ಮುದುಕಿಯರು ಅವನ ಹಿಂದಿನ ಸೀಟಿನಲ್ಲಿ ಕೂತು ನಿಶ್ಚಿಂತೆಯಾಗಿ ನಿದ್ದೆ ಹೊಡೆಯುತ್ತಿದ್ದರು. ಅವನಿಗೆ ಆಸ್ತಿ ಎಂದು ಇದ್ದದ್ದು ಆ ಹೆಸರೊಂದೇ.

ಅವನ ಲಾರಿಯದೊಂದು ಮಾದರಿ ಮಾಡಿಕೊಡುತ್ತೇನೆಂದು ನಾನೇ ಹೇಳಿದ್ದೆ. ಒಂದು ಭಾನುವಾರ ಬೆಳಿಗ್ಗೆ ಟೇಪು, ಪುಸ್ತಕ ಹಿಡಿದುಕೊಂಡು ಬಡವನಹಳ್ಳಿಗೆ ಹೋದೆ. ಲಾರಿ ಮನೆಯ ಮುಂದೆ ಹುಣಸೇಮರದ ಕೆಳಗೆ ನಿಂತಿತ್ತು. ಉದ್ದ, ಅಗಲ, ಕ್ಯಾಬಿನ್ನು ಎಲ್ಲ ಆಯಿತು. ಕೊನೆಗೆ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಎಷ್ಟು ಎಂದು ಅಳೆಯಬೇಕು. ಅವನು ಮುಂದೆ ಕುಕ್ಕರುಗಾಲಲ್ಲಿ ಕೂತು ಟೇಪಿನ ತುದಿ ಹಿಡಿದ, ನಾನು ಹಿಂದೆ ಓದಿದೆ. ಬಲಕ್ಕೆ ನಾನೂರ ಇಪ್ಪತ್ತು ಸೆಂಟಿಮೀಟರು. ಎಡಕ್ಕೆ ಬಂದರೆ ನಾನೂರ ಹದಿನಾರು.

ಟೇಪು ಸರಿಯಾಗಿ ಹಿಡಿಯಲು ಬರುವುದಿಲ್ಲವಾ ಎಂದು ಅವನ ಮೇಲೆ ರೇಗಿದೆ. ಅವನು ಇನ್ನೊಮ್ಮೆ ಹಿಡಿದ. ಮತ್ತೆ ನಾನೂರ ಹದಿನಾರು. ಮೂರನೇ ಸಲ ಅಳೆಯುವಷ್ಟರಲ್ಲಿ ತಂಗಿ ಒಳಗಿನಿಂದ ರೊಟ್ಟಿ ಆರುತ್ತದೆ ಎಂದು ಕೂಗಿದಳು. ಬಿಸಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ನಾನು ಎರಡು ಅಂಕಿಗಳನ್ನೂ ಬರೆದುಕೊಂಡು, ಎರಡಕ್ಕೂ ಕಾಟು ಹೊಡೆದು, ಪಕ್ಕದಲ್ಲಿ ನಾನೂರ ಹದಿನೆಂಟು ಎಂದು ಕೆಂಪು ಶಾಯಿಯಲ್ಲಿ ಬರೆದು ಸುತ್ತು ಹಾಕಿದೆ. ಕೆಳಗೆ 'ಟೇಪು ಸಡಿಲ' ಎಂದೂ ಬರೆದೆ. ಇಲ್ಲದಿದ್ದರೆ ತಪ್ಪು ನನ್ನದಾಗುತ್ತಿತ್ತಲ್ಲ.

ರೊಟ್ಟಿ ತಿನ್ನುವಾಗ ಅವನು ಒಂದು ಮಾತು ಹೇಳಿದ. ಅದು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಸ್ಟೇರಿಂಗು ಎಡಕ್ಕೆ ಎಳೀತೈತೆ ಭಾವ. ಪಾವಗಡದ ರಾಯಚರ್ಲು ಕಡೀಕೆ ಸೋಲಾರು ಕಂಬ ಓವರ್‌ಲೋಡು ಏರ್ಕಂಡು ಓಡಾಡಿದ್ಮೇಲೆ ಇಂಗಾಗೈತೆ."

ಮಾಲೀಕನಿಗೆ ಹೇಳಿದ್ದನಂತೆ. ರಸ್ತೆಯೇ ಎಡಕ್ಕೆ ವಾಲಿದೆ, ಲಾರಿ ಏನು ಮಾಡುತ್ತದೆ ಎಂದನಂತೆ ಅವನು. ನಾನೂ ಸುಮ್ಮನಿರಲಿಲ್ಲ. ನೀನೇ ಎಡಕ್ಕೆ ವಾಲಿಕೊಂಡು ಕೂರುತ್ತೀಯ, ಹೊಟ್ಟೆ ಇಳಿಸು ಎಂದೆ. ತಂಗಿ ನಕ್ಕಳು, ಅವನೂ ನಕ್ಕ. ಅಳತೆಯ ಪುಸ್ತಕ ನನ್ನ ತೊಡೆಯ ಪಕ್ಕದಲ್ಲೇ ಇತ್ತು.

ಮೂರು ತಿಂಗಳಲ್ಲಿ ಲಾರಿ ಮುಗಿಯಿತು. ತೆಗೆದುಕೊಂಡು ಹೋಗಿ ಕೊಟ್ಟ ದಿನ ಅವನು ಅದನ್ನು ಎತ್ತಿ ಎತ್ತಿ ನೋಡಿದ. ಅವರ ಮನೆಯ ನೆಲ ಕಡಪ ಕಲ್ಲಿನದು, ಕಲ್ಲುಗಳ ನಡುವಿನ ಸಂದು ಬಾಗಿಲಿನಿಂದ ಅಡುಗೆಮನೆಯವರೆಗೆ ನೆಟ್ಟಗೆ ಹೋಗುತ್ತದೆ. ಆ ಸಂದಿನ ಮೇಲೆ ಲಾರಿ ಇಟ್ಟು ತಳ್ಳಿದ. ಅದು ಸಂದು ಬಿಡದೆ ಅಡುಗೆಮನೆಯ ಹೊಸ್ತಿಲಿಗೆ ಹೋಗಿ ತಾಗಿ ನಿಂತಿತು. ನಿಜವಾದ ಲಾರಿಗಿಂತ ಇದೇ ವಾಸಿ, ಅದನ್ನೂ ನಿಮ್ಮ ಕೈಲೇ ಮಾಡಿಸಬೇಕಿತ್ತು ಎಂದ. ನಾನು ಹೊಗಳಿಕೆ ಎಂದುಕೊಂಡು ಉಬ್ಬಿಹೋದೆ. ಅವನ ಮುಖದಲ್ಲಿ ನಗು ಇರಲಿಲ್ಲವೆಂಬುದು ಈಗ ನೆನಪಾಗುತ್ತದೆ.

ಅದಾದ ಹದಿನೈದು ದಿನಕ್ಕೆ, ಮಧ್ಯಾಹ್ನ ಮೂರು ಗಂಟೆಯ ಉರಿಬಿಸಿಲಲ್ಲಿ, ಪಾವಗಡದಿಂದ ಕಡಲೆಕಾಯಿ ಮೂಟೆ ಹೇರಿಕೊಂಡು ಬರುತ್ತಿದ್ದ ಲಾರಿ ಕೆರೆ ಏರಿಯ ಮೇಲೆ ಎಡಕ್ಕೆ ತಿರುಗಿ ಕೆಳಗೆ ಉರುಳಿತು. ಕೆರೆಯಲ್ಲಿ ನೀರಿರಲಿಲ್ಲ. ತಂಗಿಯ ಗಂಡನ ಎಡಗಾಲು ಕ್ಯಾಬಿನ್ನಿನಲ್ಲಿ ಸಿಕ್ಕಿಕೊಂಡು ನುಜ್ಜುಗುಜ್ಜಾಯಿತು. ಅವನ ಪಕ್ಕ ಕೂತಿದ್ದ ಹಮಾಲಿ, ಹತ್ತು ವರ್ಷದಿಂದ ಅವನ ಜೊತೆಗೇ ಮೂಟೆ ಹೇರುತ್ತಿದ್ದವನು, ಅಲ್ಲೇ ತೀರಿಕೊಂಡ.

ಏರಿಯ ಕೆಳಗೆ ಮೇಕೆ ಬಿಟ್ಟುಕೊಂಡಿದ್ದ ಮುದುಕನೊಬ್ಬ ನೋಡಿದ್ದನಂತೆ. ಪೊಲೀಸರು ಕೇಳಿದಾಗ ಅವನು ಹೇಳಿದ್ದು ಎರಡೇ ಪದ. "ನಿದ್ರ ಪೋಯಾಡು." ತೆಲುಗಿನಲ್ಲಿ, ನಿದ್ದೆ ಹೋದ ಎಂದು. ಊಟವಾದ ಹೊತ್ತು, ಬಿಸಿಲು, ಖಾಲಿ ರಸ್ತೆ, ಬ್ರೇಕು ಹಾಕಿದ ಗುರುತಿಲ್ಲ. ಇನ್ನೇನು ಬೇಕು? ಆ ಎರಡು ಪದ ಮುದುಕನಿಂದ ಪೊಲೀಸರಿಗೆ, ಪೊಲೀಸರಿಂದ ಮಾಲೀಕನಿಗೆ, ಅಲ್ಲಿಂದ ನಮ್ಮ ನೆಂಟರಿಗೆ ಬಂತು. ಅವನ ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆದ ಮುದುಕಿಯರೂ ತಾವು ಉಳಿದದ್ದೇ ಪುಣ್ಯ ಎಂದರು. ಗಾಡಿ ಪರೀಕ್ಷೆ ಮಾಡಲು ಬಂದವರು ಹಿಂದಿನ ಎಡಗಾಲಿಯ ಕಮಾನು ಪಟ್ಟಿಯ, ಅಂದರೆ ಸ್ಪ್ರಿಂಗ್ ಪ್ಲೇಟುಗಳ, ನಡುವಿನ ಬೋಲ್ಟು ತುಂಡಾಗಿರುವುದನ್ನು ಕಂಡರು. ಬಿದ್ದಾಗ ತುಂಡಾದದ್ದು ಎಂದು ಬರೆದುಕೊಂಡರು. ಏರಿಯಿಂದ ಬಿದ್ದ ಲಾರಿಯಲ್ಲಿ ಯಾವ ಬೋಲ್ಟು ನೆಟ್ಟಗಿರುತ್ತದೆ?

ಆಸ್ಪತ್ರೆಯಲ್ಲಿ ಅವನನ್ನು ನೋಡಲು ಹೋದೆ. ಮೊಣಕಾಲಿನ ಕೆಳಗೆ ಹೊದಿಕೆ ಚಪ್ಪಟೆಯಾಗಿತ್ತು. ಅದನ್ನು ನೋಡದಿರಲು ನಾನು ಕಿಟಕಿ ನೋಡಿದೆ. ಅವನು ಚಾವಣಿ ನೋಡುತ್ತಾ ಮಾತಾಡಿದ.

"ಎಡಕ್ಕೆ ಎಳೀತು ಭಾವ. ಆಮೇಲೆ ನೆಪ್ಪಿಲ್ಲ. ಎಲ್ರೂ ನಿದ್ದೆ ಮಾಡ್ಬುಟ್ಟೆ ಅಂತಾರೆ. ಮಾಡಿರ್ಬೇಕು ಬುಡಿ."

ಎಳೆಯಿತು ಎಂಬ ಮಾತು ಕೇಳಿದೊಡನೆ ಹುಣಸೇಮರದ ನೆರಳು, ಟೇಪು, ನಾನು ರೇಗಿದ್ದು ಎಲ್ಲ ಒಟ್ಟಿಗೆ ಕಣ್ಣಿಗೆ ಬಂದವು. ಏನೋ ಕೆಲಸವಿದೆ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಮನೆಗೆ ಬಂದು ಚಪ್ಪಲಿ ಬಿಡದೆಯೇ ಪುಸ್ತಕ ತೆಗೆದೆ. ಬಲಕ್ಕೆ ನಾನೂರ ಇಪ್ಪತ್ತು, ಎಡಕ್ಕೆ ನಾನೂರ ಹದಿನಾರು. ಮೇಲೆ ತಾರೀಕು, ನನ್ನದೇ ಮುದ್ದಾದ ಅಕ್ಷರ.

ಮಧುಗಿರಿಯಲ್ಲಿ ನನಗೆ ಪರಿಚಯದ ಒಬ್ಬ ಮೆಕ್ಯಾನಿಕ್ಕಿದ್ದಾನೆ. ಯಾರ ಲಾರಿ ಎಂದು ಹೇಳದೆ ಅವನನ್ನು ಕೇಳಿದೆ. ಕಮಾನು ಪಟ್ಟಿಗಳನ್ನೂ ಆಕ್ಸಲನ್ನೂ ಜಾಗದಲ್ಲಿ ಹಿಡಿದಿಡುವುದೇ ಆ ಬೋಲ್ಟು, ಅತಿಯಾಗಿ ಭಾರ ಹೇರಿ ಓಡಿಸಿದರೆ ಒಳಗೊಳಗೇ ತುಂಡಾಗುತ್ತದೆ, ಹೊರಗೆ ಕಾಣುವುದಿಲ್ಲ, ಆ ಬದಿಯ ಗಾಲಿ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಯುತ್ತದೆ ಎಂದ. ಎಷ್ಟು ಸರಿಯಬಹುದು ಎಂದು ಕೇಳಿದೆ. ಎರಡು ಬೆರಳು ಜೋಡಿಸಿ ತೋರಿಸಿದ. ಇನ್ನೂ ಸರಿದರೆ ಎಂದು ಕೇಳಿದೆ. ಡ್ರೈವರ್ ಕೈಯಲ್ಲಿ ಆಮೇಲೆ ಏನೂ ಇರೋದಿಲ್ಲ ಸಾರ್ ಎಂದು ಟೀ ಕುಡಿಯಲು ಎದ್ದುಹೋದ.

ಅಂದರೆ ಟೇಪು ಸಡಿಲವಾಗಿರಲಿಲ್ಲ. ತಂಗಿಯ ಗಂಡ ಅದನ್ನು ಸರಿಯಾಗಿಯೇ ಹಿಡಿದಿದ್ದ. ಲಾರಿ ತನ್ನ ರೋಗವನ್ನು ತಾನೇ ಹೇಳಿತ್ತು, ನಾನು ಬರೆದುಕೊಂಡು ಕಾಟು ಹೊಡೆದಿದ್ದೆ.

ಅವತ್ತೇ ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಅವನು ನಿದ್ದೆ ಮಾಡಿಲ್ಲವೆಂದು ತೋರಿಸಲು ಲೋಕದಲ್ಲಿ ಇದ್ದದ್ದು ಆ ಒಂದು ಹಾಳೆ. ಅದನ್ನು ತೋರಿಸಿದರೆ ನಾನು ಕಂಡೂ ಸುಮ್ಮನಿದ್ದೆ ಎಂಬುದೂ ಅದರಲ್ಲೇ ಇತ್ತು. ಮೊದಲು ಖಾತ್ರಿ ಮಾಡಿಕೊಳ್ಳುತ್ತೇನೆ ಎಂದು ನನಗೆ ನಾನೇ ನೆಪ ಹೇಳಿಕೊಂಡು ಅದೇ ಲಾರಿಯ ಇನ್ನೊಂದು ಮಾದರಿಗೆ ಕೈ ಹಾಕಿದೆ. ಈ ಸಲ ಕಾಟು ಹೊಡೆದ ಅಂಕಿಗಳನ್ನೇ ಹಿಡಿದೆ. ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಸಿದಾಗ ನಾಲ್ಕು ಸೆಂಟಿಮೀಟರಿನ ವ್ಯತ್ಯಾಸ ಎರಡೇ ಎರಡು ಮಿಲಿಮೀಟರು, ಒಂದು ಅಕ್ಕಿಕಾಳಿನ ದಪ್ಪ. ಬಣ್ಣ ಹಚ್ಚಲಿಲ್ಲ, ಹಸು ಕರು ಬರೆಯಲಿಲ್ಲ. ಮುಗಿದ ದಿನ ಊಟದ ಮೇಜಿನ ಒಂದು ತುದಿಯಲ್ಲಿಟ್ಟು ತಳ್ಳಿದೆ. ಅರ್ಧ ಮೇಜು ನೇರವಾಗಿ ಹೋಯಿತು ಎನ್ನುವಷ್ಟರಲ್ಲಿ ಎಡಕ್ಕೆ ತಿರುಗಿ ಅಂಚಿನಿಂದ ಕೆಳಗೆ ಬಿತ್ತು. ಎತ್ತಿ ಮತ್ತೆ ತಳ್ಳಿದೆ. ಮತ್ತೆ ಬಿತ್ತು. ಐದನೆಯ ಸಲ ತಳ್ಳಲು ನನಗೆ ಭಯವಾಯಿತು.

ಆಮೇಲೂ ಇಪ್ಪತ್ತು ದಿನ ಸುಮ್ಮನಿದ್ದೆ. ಅದಕ್ಕೆ ಹೇಡಿತನವಲ್ಲದೆ ಬೇರೆ ಹೆಸರಿಲ್ಲ. ಫೋನು ಬಂದಾಗಲೆಲ್ಲ ತಂಗಿಯದೇ ಇರಬಹುದೆಂದು ಎತ್ತಲು ಹಿಂಜರಿಯುತ್ತಿದ್ದೆ. ಕೊನೆಗೆ ಅವಳದೇ ಬಂತು. ಅವನು ಮಲಗುವುದನ್ನೇ ಬಿಟ್ಟಿದ್ದಾನೆ ಎಂದಳು. ಗೋಡೆಗೆ ಒರಗಿ ಕೂರುತ್ತಾನಂತೆ, ಕಣ್ಣು ಎಳೆದರೆ ಬೆಚ್ಚಿ ಎದ್ದು ಮುಖಕ್ಕೆ ನೀರು ಚಿಮುಕಿಸಿಕೊಳ್ಳುತ್ತಾನಂತೆ. ತೂಕಡಿಸಿದರೆ ಹೊಡೆದು ಎಬ್ಬಿಸು ಎಂದು ಅವಳಿಂದ ಆಣೆ ಹಾಕಿಸಿಕೊಂಡಿದ್ದಾನಂತೆ. ಹಮಾಲಿಯ ಹೆಂಡತಿ ಬಂದು ಬಾಗಿಲಲ್ಲಿ ಕೂತು ಏನೂ ಅನ್ನದೆ ಹೋದ ದಿನದಿಂದ ಹೀಗೆ.

ಮಾರನೆಯ ಬೆಳಿಗ್ಗೆ ಬಣ್ಣವಿಲ್ಲದ ಲಾರಿಯನ್ನೂ ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಂಡು ಬಡವನಹಳ್ಳಿಗೆ ಹೋದೆ. ಅವನು ಗೋಡೆಗೆ ಒರಗಿ ಕೂತಿದ್ದ, ಕಣ್ಣು ಕೆಂಪಗೆ ಊದಿತ್ತು. ನಾನು ಟಿವಿ ಪಕ್ಕದಿಂದ ಹಳೆಯ ಲಾರಿ ತೆಗೆದು, ಎರಡನ್ನೂ ಅವನ ಮುಂದೆ ಇಟ್ಟು, ಇದು ನಾನು ತಿದ್ದಿ ಮಾಡಿದ್ದು, ಇದು ನಿನ್ನ ಲಾರಿ ಇದ್ದ ಹಾಗೆ ಮಾಡಿದ್ದು ಎಂದಷ್ಟೇ ಹೇಳಿದೆ.

ಅವನು ನೆಲದ ಮೇಲೆ ಸರಿದು ಬಂದು ಹಳೆಯದನ್ನು ಕಲ್ಲಿನ ಸಂದಿನ ಮೇಲಿಟ್ಟು ತಳ್ಳಿದ. ನೇರ ಹೋಗಿ ಹೊಸ್ತಿಲಿಗೆ ತಾಗಿತು. ಹೊಸದನ್ನು ತಳ್ಳಿದ. ಸಂದು ಬಿಟ್ಟು ಎಡಕ್ಕೆ ತಿರುಗಿ ಮಂಚದ ಕಾಲಿಗೆ ಹೊಡೆಯಿತು. ತಂಗಿ ಅದನ್ನು ಎತ್ತಿ ತಂದುಕೊಟ್ಟಳು. ಮತ್ತೆ ತಳ್ಳಿದ, ಮತ್ತೆ ತಂದುಕೊಟ್ಟಳು. ಎಷ್ಟು ಸಲವೋ ಗೊತ್ತಿಲ್ಲ. ಆಮೇಲೆ ಅವನು ಅವಳ ಮುಖ ನೋಡಿದ.

"ನಾನು ನಿದ್ದೆ ಮಾಡಿರ್ನಿಲ್ಲ ಕಣಮ್ಮಿ."

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಪುಸ್ತಕ ತೆರೆದು ಆ ಪುಟವನ್ನು ಅವನ ಕೈಗೆ ಕೊಟ್ಟೆ. ಅವನು ಬೆರಳಿಟ್ಟು ಓದಿದ. ಅಂಕಿ ಓದಿದ, ಕಾಟು ನೋಡಿದ, ಕೆಂಪು ಸುತ್ತು ನೋಡಿದ. ಕೆಳಗಿನ 'ಟೇಪು ಸಡಿಲ' ಎಂಬಲ್ಲಿ ಬೆರಳು ನಿಂತಿತು.

"ಅವತ್ತೇ ಬರ್ಕಂಡಿದ್ರಲ್ಲ ಭಾವ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ. ಪುಸ್ತಕವನ್ನು ಎದೆಯ ಮೇಲೆ ಇಟ್ಟುಕೊಂಡು, ಹಾಗೆಯೇ ನೆಲದ ಮೇಲೆ ಅಡ್ಡಾಗಿ, ಗೋಡೆಯ ಕಡೆ ತಿರುಗಿ ನಿದ್ದೆ ಹೋದ. ಬೆಳಿಗ್ಗೆ ಹತ್ತು ಗಂಟೆಯ ಬೆಳಕಿನಲ್ಲಿ ಅವನ ಗೊರಕೆ ಮನೆಯೆಲ್ಲ ಕೇಳಿಸುತ್ತಿತ್ತು. ತಂಗಿ ಎಬ್ಬಿಸಲಿಲ್ಲ.

ಅವನ ಮೇಲೆ ಪೊಲೀಸರು ಹಾಕಿದ ಕೇಸು ನಡೆಯುತ್ತಿದೆ. ಪುಸ್ತಕ ಈಗ ಅವರ ವಕೀಲರ ಬಳಿ ಇದೆ, ಕರೆದಾಗ ಹೋಗಿ ಸಾಕ್ಷಿ ಹೇಳುತ್ತೇನೆ. ಆ ದಿನ ನಾನು ಹೊರಡಲು ಎದ್ದಾಗ ತಂಗಿ ಬಣ್ಣವಿಲ್ಲದ ಲಾರಿಯನ್ನು ಟಿವಿ ಪಕ್ಕದಲ್ಲಿಟ್ಟಳು. ಹಸು ಕರು ಬರೆದಿದ್ದ ಚೆಂದದ ಲಾರಿಯನ್ನು ನನ್ನ ಚೀಲಕ್ಕೆ ಹಾಕಿ, ನನ್ನ ಮುಖ ನೋಡದೆ, ಚೀಲವನ್ನು ಕೈಗೆ ಕೊಟ್ಟಳು.

"ಇದ್ನ ತಗಂಡೋಗಣ್ಣಯ್ಯ. ಇದು ನಮ್ ಲಾರಿ ಅಲ್ಲ."