ಟಿಕಳಿ ಮೀನಿನ ಮಾಳಪ್ಪಜ್ಜ

ಮಾಳಪ್ಪಜ್ಜ ನೀರಿಗೆ ಇಳಿಯುವ ಮೊದಲು ಬಾಗಿಲು ತಟ್ಟುತ್ತಿದ್ದ. ಕೆರೆಯ ದಂಡೆಯಲ್ಲೊಂದು ಚಪ್ಪಟೆ ಕಲ್ಲಿತ್ತು. ಕೋಲಿನಿಂದ ಅದರ ಮೇಲೆ ಟಕ್, ಟಕ್, ಟಕ್ ಎಂದು ಮೂರು ಸಲ ಬಡಿದು, ಒಳಗಿನವರು ಸೆರಗು ಸರಿಮಾಡಿಕೊಳ್ಳಲಿ ಎಂಬಷ್ಟು ಹೊತ್ತು ನಿಂತು, ಆಮೇಲೆಯೇ ಕಾಲಿಡುತ್ತಿದ್ದ. ಬೀಳಗಿ ಕಡೆಯ ಆ ಹಳ್ಳಿಗೆ ನಾನು ವಿಜ್ಞಾನದ ಮಾಸ್ತರನಾಗಿ ಬಂದ ಮೊದಲ ವಾರವೇ ಇದನ್ನು ನೋಡಿ, ಮುದುಕನಿಗೆ ತಲೆ ಸರಿಯಿಲ್ಲ ಎಂದು ತೀರ್ಮಾನಿಸಿದ್ದೆ. ಹೊಸ ಊರಿಗೆ ಹೋದರೆ ನನಗೆ ಮೊದಲು ಕಾಣುವುದು ಅಪಾಯಗಳೇ: ಶಾಲೆಯ ಸಡಿಲು ಹಂಚು, ಹಾವಿನ ಹುತ್ತ, ಕೋಲು ಹಿಡಿದ ಮುದುಕರು.

ಒಳಗಿದ್ದವರು ಮೀನುಗಳು. ಬೆರಳುದ್ದ, ಹಿತ್ತಾಳೆಯ ಬಣ್ಣ, ಎರಡು ಕಣ್ಣುಗಳ ನಡುವೆ ಒಂದು ಕೆಂಪು ಚುಕ್ಕೆ. ಹೆಂಗಸರು ಹಣೆಗೆ ಇಟ್ಟುಕೊಳ್ಳುವ ಟಿಕಳಿಯ ಹಾಗೆ. ಅದಕ್ಕೇ ಊರವರು ಟಿಕಳಿ ಮೀನು ಎನ್ನುತ್ತಿದ್ದರು. ಆ ಒಂದು ಕೆರೆ ಬಿಟ್ಟರೆ ಅವು ಇನ್ನೆಲ್ಲೂ ಇರಲಿಲ್ಲ. ಕೂಗಿದರೆ ಕೇಳುವಷ್ಟು ದೂರದ ಹೊಳೆಯಲ್ಲಿ ಕೂಡ. ನಾನು ಕಾಗದ ಬರೆದು ಕರೆಸಿದ ಪ್ರಾಧ್ಯಾಪಕರೊಬ್ಬರು ದಂಡೆಯಲ್ಲಿ ಮೊಣಕಾಲೂರಿ ಅರ್ಧ ದಿನ ನೋಡಿ, "ಇಂಥಾದು ನಾ ಎಲ್ಲೂ ನೋಡಿಲ್ಲ. ಪುಸ್ತಕದಾಗೂ ಇಲ್ಲ" ಎಂದರು.

ಪಕ್ಕದಲ್ಲಿ ಕೂತಿದ್ದ ಅಜ್ಜ, "ಪುಸ್ತಕದಾಗ ಹೆಂಗ ಇರ್ತಾವ್ರಿ ಸಾಹೇಬ್ರ, ನೀರಾಗಿನ ಜೀವ?" ಎಂದ.

ಅವನ ಪ್ರಕಾರ ಅವು ಊರದೇವರು ಬೀರಪ್ಪನ ಮನೆಯ ಹೆಣ್ಣುಮಕ್ಕಳು. ಹಿಡಿಯುವಂತಿಲ್ಲ, ತಿನ್ನುವಂತಿಲ್ಲ. ಉಣ್ಣೆ ಕತ್ತರಿಸುವ ಮೊದಲು ಊರಿನ ಕುರಿಗಳನ್ನೆಲ್ಲ ಆ ಕೆರೆಯಲ್ಲೇ ತೊಳೆಯಬೇಕಿತ್ತು. ಆ ದಿನ ಅಜ್ಜ ಆಚೆ ದಂಡೆಗೆ ಹೋಗಿ ಅಲ್ಲಿಯ ಕಲ್ಲು ತಟ್ಟಿ, ಧೋತರದ ಗಂಟಿನಿಂದ ಚುರಮುರಿ ಉದುರಿಸುತ್ತ ಕೂರುತ್ತಿದ್ದ. ನೂರಾರು ಕೆಂಪು ಚುಕ್ಕೆಗಳು ಬಂದು ಅವನ ಮುಂದೆ ನೆರೆದ ಮೇಲೆ, "ಹೂಂ, ಬಿಡ್ರಲೇ!" ಎಂದು ಕೂಗುತ್ತಿದ್ದ. ಆಗಲೇ ಈಚೆಯಿಂದ ಕುರಿ ಇಳಿಯಬೇಕು. ಒಮ್ಮೆ ಅವಸರ ಮಾಡಿದ ಕುರಿಯವನಿಗೆ ಅಲ್ಲಿಂದಲೇ ಒದರಿದ: "ನಿಮ್ಮವ್ವ ಜಳಕ ಮಾಡೂಮುಂದ ಹಿಂಗs ನುಗ್ಗತೀಯೇನಲೇ, ಖೋಡಿ?"

ಆಲಮಟ್ಟಿಯ ಹಿನ್ನೀರು ಬರುತ್ತದೆಂದು ನೋಟೀಸು ಬಂದಾಗ ಊರವರು ಬಾಗಿಲು, ಚೌಕಟ್ಟು, ತೊಲೆಗಳನ್ನು ಬಿಚ್ಚಿ ಟ್ರ್ಯಾಕ್ಟರಿಗೆ ಹೇರತೊಡಗಿದರು. ಗುಡಿಯ ಬೀರಪ್ಪನಿಗೂ ಹೊಸ ಊರಿನಲ್ಲಿ ಜಾಗ ಗೊತ್ತಾಯಿತು. ಮೀನುಗಳ ಸುದ್ದಿ ಯಾರೂ ಎತ್ತಲಿಲ್ಲ. "ನೀರಿಗೆ ನೀರು ಕೂಡಿದ್ರ ಮೀನಿಗೇನು ತ್ರಾಸು ಅಜ್ಜಾ?" ಎಂದು ಕೇಳಿದವನು ನಾನೇ.

ಅಜ್ಜ ನನ್ನನ್ನು ಕನಿಕರದಿಂದ ನೋಡಿದ. "ಹೊಳಿ ಬಂದ್ರ ಹೊಳಿ ಮೀನೂ ಬರ್ತಾವ್ರಿ ಮಾಸ್ತರ್ರ. ನನ್ನ ತೊಡಿ ಗಾತ್ರದವು. ಇವು ಅವುಕ್ಕ ಚುರಮುರಿ."

ಹೊಸ ಊರಿನಲ್ಲಿ ಕೊಳವೆಬಾವಿ ಮಾತ್ರ. ಮುಧೋಳದ ಹತ್ತಿರ ನಮ್ಮ ತೋಟದ ಮನೆಯಲ್ಲಿ ಮೆಟ್ಟಿಲಿರುವ ಹಳೆಯ ಬಾವಿಯಿದೆ ಎಂದು ನಾನು ಬಾಯಿಬಿಟ್ಟೆ. ಆ ಶನಿವಾರ ಅಜ್ಜ ಬದುಕಿನಲ್ಲಿ ಮೊದಲ ಸಲ ಟಿಕಳಿ ಮೀನು ಹಿಡಿದ. ಬಲೆ ಹಾಕಲಿಲ್ಲ, ಕಲ್ಲು ತಟ್ಟಿ, ಬಂದವನ್ನು ಬೊಗಸೆಯಲ್ಲಿ ಎತ್ತಿ ಮಣ್ಣಿನ ಗಡಿಗೆಗೆ ಬಿಟ್ಟ. ಹನ್ನೊಂದು. ಗಡಿಗೆಯ ಬಾಯಿಗೆ ಒದ್ದೆ ಅರಿವೆ ಕಟ್ಟಿ, ನಾನು ಮನೆಗೆ ಹೊರಟು ಕೂತಿದ್ದ ಬಸ್ಸು ಹತ್ತಿ ಬಂದು ನನ್ನ ತೊಡೆಯ ಮೇಲಿಟ್ಟ.

"ಮನಿ ಮುಟ್ಟೂತನಾ ಬಾಯಿ ಬಿಚ್ಚಬ್ಯಾಡ್ರಿ. ನೀರಂತೂ ಬದಲ ಮಾಡಲೇಬ್ಯಾಡ್ರಿ. ಹೆಣ್ಣಮಕ್ಕಳು ಗಂಡನ ಮನಿಗೆ ಹೊಂಟಾರ, ತವರಮನಿ ನೀರು ಜೋಡಿಗಿರಲಿ."

ಮನೆಗೆ ಕೀಲಿ ಹಾಕಿ ಮೂರು ಸಲ ಜಗ್ಗಿ ನೋಡಿ, ಓಣಿಯ ತುದಿಯಿಂದ ಮತ್ತೆ ತಿರುಗಿ ಬಂದು ಜಗ್ಗುವ ಮನುಷ್ಯ ನಾನು. ಅಂಥವನಿಗೆ ಒಳಗೆ ನೋಡಬೇಡ ಎಂದರೆ? ಮುಧೋಳದ ಬಸ್ ಸ್ಟ್ಯಾಂಡಿನಲ್ಲಿ ಇಳಿದವನೇ ಅರಿವೆ ಬಿಚ್ಚಿದೆ. ಮೀನುಗಳು ಮೇಲೆ ಬಂದು ಬಾಯಿ ಆಡಿಸುತ್ತಿದ್ದವು. ಉಸಿರು ಕಟ್ಟಿದೆ ಎಂದು ಗಾಬರಿಯಾದೆ. ಚುರಮುರಿ ಕೇಳುತ್ತಿರಬಹುದು ಎಂದು ಹೊಳೆಯಲಿಲ್ಲ. ಅರ್ಧ ನೀರು ಚೆಲ್ಲಿ ನಳದ ನೀರು ತುಂಬಿದೆ. ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿದದ್ದು ತುಂಬಿದ ಮೇಲೆ. ಅದು ನೀರೊಳಗಿನ ಜೀವಕ್ಕೆ ಏನು ಮಾಡುತ್ತದೆಂದು ಏಳನೆಯ ಇಯತ್ತೆಗೆ ಪಾಠ ಮಾಡುತ್ತಿದ್ದವನು ನಾನು. ಬಾವಿಯ ಮೆಟ್ಟಿಲು ಇಳಿಯುವ ಹೊತ್ತಿಗೆ ಹನ್ನೊಂದೂ ಹೊಟ್ಟೆ ಮೇಲೆ ಮಾಡಿದ್ದವು. ಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡುವಾಗ ನೋಡಿದೆ, ಒಂದರ ಟಿಕಳಿಯೂ ಅಳಿಸಿರಲಿಲ್ಲ.

ಸೋಮವಾರ ಅಜ್ಜ ಶಾಲೆಯ ಗೇಟಿನಲ್ಲೇ ಕಾದಿದ್ದ.

"ಮುಟ್ಟಿದ್ರೇನ್ರಿ ನಮ್ಮ ಹೆಣ್ಣಮಕ್ಕಳು?"

"ಮುಟ್ಟಿದ್ರು ಅಜ್ಜಾ. ಅರಾಮ ಅದಾರ."

ಅವನ ಮುಖ ಅರಳಿತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ಎರಡು ವಾರ ಕಳೆದೆ. ಮೂರನೆಯ ವಾರ ಧೈರ್ಯ ಕೂಡಿಸಿಕೊಂಡು ಕೆರೆಗೆ ಹೋದಾಗ ಚಪ್ಪಟೆ ಕಲ್ಲಿನ ಮೇಲೆ ಹೊಳೆಯ ರಾಡಿನೀರು ನಿಂತಿತ್ತು.

ಊರಿನ ಹೆಸರು ಗುಡ್ಡದ ಮೇಲಿನ ಹೊಸ ಜಾಗಕ್ಕೆ ಹೋಯಿತು. ನನಗೆ ಮುಧೋಳದ ಕಡೆ ವರ್ಗವಾಯಿತು. ಆಮೇಲೆ ಕೆಲವು ವರ್ಷ, ಹುಣ್ಣಿಮೆಗೊಮ್ಮೆ, ಅಜ್ಜ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಗಂಟು ಚುರಮುರಿ ಕಳಿಸುತ್ತಿದ್ದ. ತವರುಮನೆಯಿಂದ. ನಾನು ಅದನ್ನು ಮೀನಿಲ್ಲದ ಬಾವಿಗೆ ಹಾಕಿ ಬರುತ್ತಿದ್ದೆ. "ಒಂದು ಮಾತು ಹೇಳಿ ಮುಗಸಾಕ ನಿಮಗೇನ ಧಾಡಿ?" ಎಂದು ಹೆಂಡತಿ ಬೈಯುತ್ತಿದ್ದಳು. "ನಿಮ್ಮ ಚಿಂತಿ ಹೇರಿದ್ರ ಕಬ್ಬಿನ ಗಾಡಿ ಎತ್ತು ಮಲಗತಾವ."

ಒಂದು ಸಲ ಗಂಟಿನ ಜೊತೆ ಮಾತೂ ಬಂತು. ಬರುವ ಹುಣ್ಣಿಮೆಗೆ ಅಜ್ಜನೇ ಬರುತ್ತಾನಂತೆ, ಮಕ್ಕಳನ್ನು ನೋಡಲು.

ನಾನು ಮಾಡಿದ ಕೆಲಸ ಹೇಳಲು ಈಗಲೂ ನಾಚಿಕೆ. ಸೊಳ್ಳೆಯ ಮರಿ ತಿನ್ನಲಿ ಎಂದು ಆರೋಗ್ಯ ಇಲಾಖೆಯವರು ಗಪ್ಪಿ ಮೀನು ಹಂಚುತ್ತಿದ್ದರು. ಒಂದು ಪ್ಲಾಸ್ಟಿಕ್ ಚೀಲ ತುಂಬ ತಂದು ಬಾವಿಗೆ ಬಿಟ್ಟೆ. ಅಜ್ಜನ ಕಣ್ಣಿಗೆ ಪೊರೆ ಬಂದಿದೆ ಎಂದು ಕಂಡಕ್ಟರ್ ಹೇಳಿದ್ದ. ಅದೊಂದೇ ನನಗಿದ್ದ ಸಮಾಧಾನ.

ಅಜ್ಜ ಬಂದ. ನನ್ನ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲು ಇಳಿದು, ನೀರಿನ ಅಂಚಿನಲ್ಲಿ ಕೂತ. ಕೋಲೆತ್ತಿ ಮೂರು ಸಲ ತಟ್ಟಿದ. ಮೊದಲ ಏಟಿಗೇ ಗಪ್ಪಿಗಳು ಚದುರಿ ಕಲ್ಲುಗಳ ಸಂದಿ ಸೇರಿದವು. ಅಜ್ಜ ನೀರಿನ ಕಡೆ ಕಿವಿ ವಾಲಿಸಿ ಬಹಳ ಹೊತ್ತು ಕಾದ. ಆಮೇಲೆ ಗಂಟು ಬಿಚ್ಚಿ, ಚುರಮುರಿಯನ್ನೆಲ್ಲ ನೀರಿಗೆ ಉದುರಿಸಿದ.

"ಯಾರ ಮನಿ ಮಕ್ಕಳಾದ್ರೇನ್ರಿ, ಹಸಿವು ಹಸಿವೇ" ಎಂದ. ಆಮೇಲೆ, ನನ್ನ ಕಡೆ ತಿರುಗದೆ, "ನಮ್ಮವರು ಎಷ್ಟ ದಿನಾ ಬದುಕಿದ್ರು, ಮಾಸ್ತರ್ರ?"

"ಬಾವೀ ಮುಟ್ಟಲಿಲ್ಲ ಅಜ್ಜಾ." ನಳದ ನೀರಿನ ಕತೆಯನ್ನು ಪೂರ್ತಿ ಹೇಳಿದೆ. ಬೈಗುಳಕ್ಕೆ ತಲೆ ತಗ್ಗಿಸಿ ಕೂತೆ.

ಅವನು ಬೈಯಲಿಲ್ಲ. "ಅವತ್ತs ಹೇಳಿದ್ರ ಇನ್ನೊಂದು ಗಡಿಗಿ ಕೊಡ್ತಿದ್ದೆನಲ್ರೀ" ಎಂದ, ಅಷ್ಟೇ. ಮೇಲೆ ಬಂದ ಮೇಲೆ ಹೆಂಡತಿ ಕೊಟ್ಟ ನೀರಿನ ತಂಬಿಗೆಯನ್ನು ಉಗುರಿನಿಂದ ಮೂರು ಸಲ ತಟ್ಟಿ ಕುಡಿದ. ಸಂಜೆಯ ಬಸ್ಸಿಗೆ ಹೋದ.

ಮುಂದಿನ ಹುಣ್ಣಿಮೆಗೆ ಗಂಟು ಬರಲಿಲ್ಲ. ಕಂಡಕ್ಟರ್ ಬಸ್ಸಿನಿಂದ ಇಳಿದು ಬಂದು, ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ. "ಅಜ್ಜ ಹ್ವಾದ್ರಿ ಸರ" ಎಂದ.

ಈಗ ಚುರಮುರಿ ನಾನೇ ತರುತ್ತೇನೆ. ಹುಣ್ಣಿಮೆಯ ಬೆಳಿಗ್ಗೆ ಬಾವಿಗೆ ಇಳಿದು, ಕೊಡೆಯ ತುದಿಯಿಂದ ಮೆಟ್ಟಿಲನ್ನು ಮೂರು ಸಲ ತಟ್ಟುತ್ತೇನೆ. ಗಪ್ಪಿಗಳು ಕಲಿತುಬಿಟ್ಟಿವೆ, ತಟ್ಟಿದರೆ ಬರುತ್ತವೆ. ಬಾಗಿ, ಒಂದೊಂದರ ಹಣೆಯನ್ನೂ ನೋಡುತ್ತೇನೆ.