ಬೇಲಿಯ ಬಳಿ ಎತ್ತಿದ ಕೈ

ಮೇಬೆಲ್ ಟ್ರಾಸ್ಕ್ ಹಾಲಿವುಡ್ಡಿನಲ್ಲಿ ಹನ್ನೊಂದು ವರ್ಷ ಇಪ್ಪತ್ತರ ಹರೆಯದಲ್ಲೇ ಉಳಿದ ನಟಿ. ಆರೇ ದಿನಗಳಲ್ಲಿ ಶೂಟಿಂಗ್ ಮುಗಿಯುವ ಅಗ್ಗದ ಕೌಬಾಯ್ ಚಿತ್ರಗಳಲ್ಲಿ ಅವಳು ಯಾವಾಗಲೂ ಸಾವಿರ ದನಗಳ ಒಡೆಯನ ಒಬ್ಬಳೇ ಮಗಳು; ಮೊದಲ ರೀಲಿನಲ್ಲಿ ಅಪ್ಪ ಗುಂಡೇಟಿಗೆ ಸಾಯುತ್ತಾನೆ, ಮೂರನೆಯದರಲ್ಲಿ ಕಳ್ಳರು ಅವಳನ್ನು ಕಂಬಕ್ಕೆ ಕಟ್ಟುತ್ತಾರೆ. ಹೊಸ ಕಳ್ಳನಾದರೆ, "ಗಂಟು ಸಡಿಲ ಹಾಕಪ್ಪ, ಬಿಡಿಸೋ ಹೀರೋಗೆ ಕೈ ನಡುಗುತ್ತೆ" ಎಂದು ಅವಳೇ ಹೇಳಿಕೊಡುತ್ತಾಳೆ. ಪೋಸ್ಟರಿನಲ್ಲಿ ಮೊದಲು ನಾಯಕ ಕ್ಲೈಡನ ಹೆಸರು, ಆಮೇಲೆ ಅವನ ಕುದುರೆಯದು, ಕೊನೆಗೆ ಇವಳದು. "ಕುದುರೆಗೆ ನನಗಿಂತ ಅಭಿಮಾನಿಗಳು ಜಾಸ್ತಿ, ಏನ್ಮಾಡೋದು" ಎಂದು ನಗುತ್ತಾಳೆ. ಪ್ರತಿ ಚಿತ್ರದ ಕೊನೆಗೂ ಕ್ಲೈಡ್ ಕುದುರೆಯೇರಿ ಗುಡ್ಡ ದಾಟುವವರೆಗೆ ಅವಳು ಬೇಲಿಯ ಬಳಿ ಕೈಯೆತ್ತಿ ನಿಂತಿರುತ್ತಾಳೆ. ಪ್ರೇಕ್ಷಕರು ಅದನ್ನು ಪ್ರೇಮವೆಂದು ತಿಳಿದು ಕಣ್ಣೊರೆಸಿಕೊಳ್ಳುತ್ತಾರೆ. ನಿಜವೆಂದರೆ ಕ್ಲೈಡನಿಗೆ ಕುದುರೆ ಕಂಡರೆ ಭಯ. ಕುದುರೆಯನ್ನು ಪಳಗಿಸಿದವಳು ಮೇಬೆಲ್. ಅದರ ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ಓಡುವಾಗಲೂ ಹಿಂದಿನದು ಕಾಣುತ್ತದೆ. ಬೇಲಿಯ ಬಳಿ ಎತ್ತಿದ ಕೈ ಕಾಣುವಷ್ಟು ಹೊತ್ತು ಅದು ನೇರ ಓಡುತ್ತದೆ, ಕೈ ಇಳಿದರೆ ಗಕ್ಕನೆ ತಿರುಗಿ ಕ್ಲೈಡನನ್ನು ಕೆಡವುತ್ತದೆ. ಇದು ಮೇಬೆಲ್‌ಗೂ ಕುದುರೆಗೂ ಮಾತ್ರ ಗೊತ್ತಿದ್ದ ಗುಟ್ಟು. ಮುಂದಿನ ಚಿತ್ರದಿಂದ ಜೂನ್ ಎಂಬ ಹತ್ತೊಂಬತ್ತರ ಹುಡುಗಿ ನಾಯಕಿ ಎಂದು ಕಂಪನಿ ತಿಳಿಸಿತು. ಮೇಬೆಲ್ ಗುಟ್ಟು ಬಿಡದೆ ಸುಮ್ಮನಿದ್ದಿದ್ದರೆ ಸಾಕಿತ್ತು, ಕ್ಲೈಡ್ ಬಿದ್ದ ಮೇಲೆ ಅವಳನ್ನು ಮತ್ತೆ ಕರೆಯಲೇಬೇಕಾಗುತ್ತಿತ್ತು. ಅವಳು ಮರುದಿನವೇ ಜೂನ್‌ಳನ್ನು ಬೇಲಿಯ ಬಳಿ ನಿಲ್ಲಿಸಿ, ಅವಳ ಮೊಣಕೈ ಹಿಡಿದು ಮೇಲೆತ್ತಿ, ಎಲ್ಲವನ್ನೂ ಹೇಳಿದಳು. "ಆಗ ಅಳಬೇಕಾ ಅಕ್ಕ?" ಎಂದು ಹುಡುಗಿ ಕೇಳಿದಳು. "ಬಂದ್ರೆ ಅಳು ಕಣೇ. ಅವನ ಟೋಪಿ ಗುಡ್ಡದಾಚೆ ಮರೆಯಾಗೋವರೆಗೂ ಕೈ ಮಾತ್ರ ಇಳಿಸ್ಬೇಡ."